ವಿದೇಶದ ಅಧ್ಯಾಪಕಿಗೆ ನಾವು ಕೇಳದ ಪ್ರಶ್ನೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಮುಸ್ಲಿಮ್ ಮನೆಗಳಿಗೆ ಗಲ್ಫ್ ಹೊಸತಲ್ಲ. ಅಂಗಡಿ, ಹೊಟೇಲು, ಚಾಲಕ ವೃತ್ತಿಗಳಿಗೆಂದು ಮೊದಲ ತಲೆಮಾರು ಹೋಯಿತು. ಲೆಕ್ಕಪತ್ರ, ಮಾರಾಟ, ಇಂಜಿನಿಯರಿಂಗ್ ಎಂದು ಅವರ ಮಕ್ಕಳು ಹೋದರು. ಈಗ ಅದೇ ಮನೆಗಳ ಹೆಣ್ಣುಮಕ್ಕಳು ಪದವಿಯ ಮೇಲೊಂದು ಬಿ.ಎಡ್. ಪ್ರಮಾಣ ಪತ್ರವನ್ನಿರಿಸಿಕೊಂಡು ಅಧ್ಯಾಪಕಿಯರಾಗಿ ಹೋಗುತ್ತಿದ್ದಾರೆ. ಉಜಿರೆಯಲ್ಲೋ ಮೂಡುಬಿದಿರೆಯಲ್ಲೋ ಮಂಗಳೂರಿನಲ್ಲೋ ತರಬೇತಿ ಪಡೆದ ಹುಡುಗಿಗೆ ಸಂಬಂಧ ಕೇಳಿಕೊಂಡು ಬರುವವರು, “ಅಲ್ಲಿ ಹೋದ ಮೇಲೆ ಯಾವುದಾದರೊಂದು ಇಂಡಿಯನ್ ಸ್ಕೂಲಿಗೆ ಸೇರಬಹುದಲ್ಲ” ಎಂದು ಸೇರಿಸುವುದುಂಟು. ಬಿ.ಎಡ್. ಎಂಬುದು ವಧುವಿನ ಅರ್ಹತೆಗಳ ಪಟ್ಟಿಯಲ್ಲಿ ಸ್ಥಾನ ಪಡೆದಿರುವುದು ಒಂದರ್ಥದಲ್ಲಿ ಸಂತೋಷದ ವಿಷಯವೇ. ಮೂವತ್ತು ವರ್ಷಗಳ ಹಿಂದೆ ಇದೇ ಮನೆಗಳಲ್ಲಿ ಹುಡುಗಿಯನ್ನು ಹೈಸ್ಕೂಲಿಗೆ ಕಳುಹಿಸಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ.

ಆದರೆ ಆ ಅಧ್ಯಾಪಕಿ ಜುಲೈ-ಆಗಸ್ಟ್ ರಜೆಯಲ್ಲಿ ಊರಿಗೆ ಬಂದಾಗ ನಾವು ಏನು ಕೇಳುತ್ತೇವೆ? ಸಂಬಳ ಎಷ್ಟು? ಮನೆ ಬಾಡಿಗೆ ಶಾಲೆಯೇ ಕೊಡುತ್ತದೆಯೇ? ವಿಮಾನ ಟಿಕೆಟ್ ಇದೆಯೇ? ಇಷ್ಟರಲ್ಲಿ ನಮ್ಮ ವಿಚಾರಣೆ ಮುಗಿಯುತ್ತದೆ. ನಿನ್ನ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರು ಎಂಥವರು, ಪಾಠ ಮಾಡಿ ಹೊರಬರುವಾಗ ನಿನಗೆ ಹೇಗನಿಸುತ್ತದೆ ಎಂದು ಕೇಳುವವರು ಅಪರೂಪ. ತಾಯಿ ಕೂಡ ಕೇಳುವುದಿಲ್ಲ. ಕೇಳಿದರೆ ಸಿಗಬಹುದಾದ ಉತ್ತರವು ಕಟ್ಟುತ್ತಿರುವ ಮನೆಯ ಎರಡನೆಯ ಅಂತಸ್ತಿಗೆ ತೊಡಕಾದೀತು ಎಂಬ ಅಳುಕೂ ಇರಬಹುದು.

ಗಂಡಸರೂ ವಿದೇಶಗಳಲ್ಲಿ ಪಾಠ ಹೇಳುತ್ತಿದ್ದಾರೆ. ಆದರೂ ನಮ್ಮ ಕಡೆಯಿಂದ ಹೋದವರಲ್ಲಿ ಮಹಿಳೆಯರೇ ಹೆಚ್ಚು ಕಾಣಸಿಗುವುದರಿಂದ ಇಲ್ಲಿ ಅಧ್ಯಾಪಕಿ ಎಂದೇ ಬರೆಯುತ್ತಿದ್ದೇವೆ. ಅವರಲ್ಲಿ ಕೆಲವರು ಒಳ್ಳೆಯ ಸಂಬಳವಿದ್ದೂ ಸೊರಗುತ್ತಾರೆ. ಇನ್ನು ಕೆಲವರು ಸಾಧಾರಣ ಸಂಬಳದಲ್ಲೂ ಹತ್ತು-ಹದಿನೈದು ವರ್ಷ ನಗುನಗುತ್ತಾ ದುಡಿಯುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣ ದಿರ್ಹಮ್ ಅಥವಾ ರಿಯಾಲಿನ ದರದಲ್ಲಿಲ್ಲ. ಅದು ಮನಸ್ಸಿನೊಳಗಿದೆ, ಮತ್ತು ಆ ಮನಸ್ಸನ್ನು ರೂಪಿಸುವುದರಲ್ಲಿ ಅಲ್ಲಿನ ಶಾಲೆಗೆ ಎಷ್ಟು ಪಾಲಿದೆಯೋ ಇಲ್ಲಿನ ಮನೆಗೂ ಅಷ್ಟೇ ಪಾಲಿದೆ ಎಂಬುದು ನಮ್ಮ ಅಭಿಪ್ರಾಯ.

ಕೆಲಸದ ಸಂತೃಪ್ತಿಯ ಕುರಿತು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ತನ್ನ ಇಬ್ಬರು ಸಂಗಡಿಗರೊಂದಿಗೆ 1959ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಪಿಟ್ಸ್‌ಬರ್ಗ್ ಪರಿಸರದ ಸುಮಾರು 200 ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ ಅವರು ಒಂದು ಕುತೂಹಲಕರ ತೀರ್ಮಾನಕ್ಕೆ ಬಂದಿದ್ದರು. ಅತೃಪ್ತಿಯ ವಿರುದ್ಧ ಪದ ತೃಪ್ತಿ ಅಲ್ಲ, ಎರಡರ ಬೇರುಗಳೂ ಬೇರೆ ಬೇರೆ. ಸಂಬಳ, ಉದ್ಯೋಗ ಭದ್ರತೆ, ಮೇಲಧಿಕಾರಿಯ ನಡವಳಿಕೆ, ಕೆಲಸದ ಪರಿಸರ ಇವು ಸರಿಯಿಲ್ಲದಿದ್ದರೆ ಮನುಷ್ಯ ನರಳುತ್ತಾನೆ. ಸರಿಯಾದರೆ ನರಳಾಟ ನಿಲ್ಲುತ್ತದೆ, ಅಷ್ಟೇ. ಸಂತೃಪ್ತಿ ಬರುವುದು ಏನನ್ನೋ ಸಾಧಿಸಿದ ಅನುಭವದಿಂದ, ಆ ಸಾಧನೆಯನ್ನು ಯಾರಾದರೂ ಗುರುತಿಸುವುದರಿಂದ, ಹೊಣೆಗಾರಿಕೆಯಿಂದ ಮತ್ತು ಸ್ವತಃ ಆ ಕೆಲಸದಿಂದ. ಈ ಸಿದ್ಧಾಂತದ ಮೇಲೆ ಬಹಳ ಟೀಕೆಗಳಾಗಿವೆ. ಸಾಲದ ಕಂತು ಕಟ್ಟಬೇಕಾದ ಬಿ.ಸಿ. ರೋಡಿನ ಮನೆಗೂ ಪಿಟ್ಸ್‌ಬರ್ಗಿನ ಇಂಜಿನಿಯರನ ಮನೆಗೂ ಹೋಲಿಕೆಯಿಲ್ಲ ಎಂದು ನಾವೂ ಹೇಳಬಹುದು. ಸಂಬಳ ಮುಖ್ಯವಲ್ಲ ಎಂಬ ಉಪದೇಶ ತಿಂಗಳ ಕೊನೆಯ ಭಯವಿಲ್ಲದವರ ಬಾಯಿಂದಲೇ ಹೆಚ್ಚಾಗಿ ಬರುತ್ತದೆ. ಆದರೂ ಆ ಮಾತಿನಲ್ಲಿ ಒಂದು ತಥ್ಯವಿದೆ. ಹಣವು ಹೊಟ್ಟೆಯ ಚಿಂತೆಯನ್ನು ನೀಗಿಸಬಲ್ಲುದು. ತರಗತಿಯೊಳಗಿನ ಬರಡುತನವನ್ನು ಅದು ನೀಗಿಸಲಾರದು.

ಶಿಕ್ಷಕರ ಬಗ್ಗೆಯೇ ಬರೆದ ಇನ್ನೊಬ್ಬರಿದ್ದಾರೆ. ಸಮಾಜಶಾಸ್ತ್ರಜ್ಞ ಡಾನ್ ಲಾರ್ಟಿ 1975ರಲ್ಲಿ ‘ಸ್ಕೂಲ್‌ಟೀಚರ್’ ಎಂಬ ಕೃತಿಯಲ್ಲಿ, ಶಿಕ್ಷಕ ವೃತ್ತಿಯ ನಿಜವಾದ ಪ್ರತಿಫಲ ಮಾನಸಿಕವಾದುದು ಎಂದು ಪ್ರತಿಪಾದಿಸಿದರು. ಅರ್ಥವಾಗದಿದ್ದುದು ಮಗುವಿಗೆ ಅರ್ಥವಾದಾಗ ಅದರ ಮುಖದಲ್ಲಿ ಮೂಡುವ ಬೆಳಕು, ವರ್ಷಗಳ ನಂತರ ರಸ್ತೆಯಲ್ಲಿ ತಡೆದು ಮಾತನಾಡಿಸುವ ಹಳೆಯ ವಿದ್ಯಾರ್ಥಿ, ಇವು ಸಂಬಳದ ಚೀಟಿಯಲ್ಲಿ ಬರೆಯದ ಸಂಬಳ. ನಮ್ಮ ಮದ್ರಸದ ಉಸ್ತಾದರುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅತ್ಯಲ್ಪ ವೇತನದಲ್ಲಿ ಅವರು ಬೆಳಗಿನ ಜಾವದಿಂದ ಪಾಠ ಹೇಳುತ್ತಾರೆ. ಜಮಾಅತ್ ಸಮಿತಿಗಳು ಅದನ್ನೇ ನೆಪ ಮಾಡಿಕೊಂಡು ವೇತನ ಏರಿಸದಿರುವುದು ಬೇರೆ ಮಾತು.

ವಿದೇಶದಲ್ಲಿ ಪಾಠ ಹೇಳುವವಳಿಗೆ ಈ ಬರೆಯದ ಸಂಬಳ ಸಿಗುತ್ತಿದೆಯೇ?

ಸೌದಿ ಅರೇಬಿಯಾವನ್ನು ನೋಡೋಣ. ಅಲ್ಲಿನ ಸರಕಾರ 2017ರ ಜುಲೈಯಿಂದ ವಿದೇಶೀಯರ ಅವಲಂಬಿತರ ಮೇಲೆ ಶುಲ್ಕವನ್ನು ಜಾರಿಗೊಳಿಸಿತು. ತಲೆಗೆ ತಿಂಗಳಿಗೆ 100 ರಿಯಾಲಿನಿಂದ ಆರಂಭವಾದ ಅದು ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ರಿಯಾಲಿಗೆ ತಲುಪಿತು. ಹೆಂಡತಿ ಮತ್ತು ಮೂವರು ಮಕ್ಕಳಿರುವ ಒಬ್ಬ ನೌಕರ ವರ್ಷಕ್ಕೆ 4,800 ರಿಯಾಲ್ ಕಟ್ಟಬೇಕಿದ್ದದ್ದು ಮೂರೇ ವರ್ಷಗಳಲ್ಲಿ 19,200 ಆಯಿತು. ಕುಟುಂಬಗಳು ಗಂಟುಮೂಟೆ ಕಟ್ಟಿದವು. ಇದರ ಆರ್ಥಿಕ ಪರಿಣಾಮದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಧಾರಾಳ ಬರೆಯಲಾಗಿದೆ. ಜಿದ್ದಾ, ದಮ್ಮಾಮ್, ರಿಯಾದ್‌ಗಳ ಭಾರತೀಯ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರ ಮನಸ್ಸಿಗೆ ಏನಾಯಿತೆಂದು ಬರೆದವರು ಕಡಿಮೆ. ಒಂದನೇ ತರಗತಿಯಲ್ಲಿ ಅಕ್ಷರ ಕಲಿಸಿದ ಮಗು ಹತ್ತನೆಯದನ್ನು ಮುಗಿಸುವುದನ್ನು ನೋಡುವ ಭಾಗ್ಯ ಊರಿನ ಟೀಚರಿಗಿದೆ. ಗಲ್ಫಿನಲ್ಲಿ ವರ್ಷದ ನಡುವೆಯೇ ವರ್ಗಾವಣೆ ಪತ್ರಗಳಿಗೆ ಸಹಿ ಬೀಳುತ್ತದೆ. ತಂದೆಯ ಕೆಲಸ ಹೋದರೆ ಮಗುವಿನ ಬೆಂಚು ಖಾಲಿಯಾಗುತ್ತದೆ. ಮಕ್ಕಳನ್ನು ಬಹಳ ಹಚ್ಚಿಕೊಳ್ಳಬಾರದೆಂಬ ಪಾಠವನ್ನು ಅಲ್ಲಿನ ಹಳೆಯ ಅಧ್ಯಾಪಕಿಯರು ಹೊಸಬರಿಗೆ ಕಲಿಸುತ್ತಾರೆಂದರೆ ಅದು ಕ್ರೌರ್ಯವಲ್ಲ, ಆತ್ಮರಕ್ಷಣೆ. ಆದರೆ ಮಕ್ಕಳನ್ನು ಹಚ್ಚಿಕೊಳ್ಳದ ಅಧ್ಯಾಪಕಿಗೆ ಉಳಿಯುವುದೇನು? ಸಿಲೆಬಸ್ ಮತ್ತು ಸಂಬಳ.

ದುಬೈಯ ಕಥೆ ಸ್ವಲ್ಪ ಬೇರೆ. ಅಲ್ಲಿ ಶಾಲೆಯು ಬಹುಮಟ್ಟಿಗೆ ಖಾಸಗಿ ಉದ್ಯಮ. ಅಲ್ಲಿನ ಶಿಕ್ಷಣ ಪ್ರಾಧಿಕಾರವು 2008ರಲ್ಲಿ ಖಾಸಗಿ ಶಾಲೆಗಳ ತಪಾಸಣೆಯನ್ನು ಆರಂಭಿಸಿ ‘ಅತ್ಯುತ್ತಮ’ದಿಂದ ಹಿಡಿದು ಕೆಳಕ್ಕೆ ಶ್ರೇಣಿ ನೀಡುವ ಪದ್ಧತಿಯನ್ನು ತಂದಿತು. ಎಷ್ಟು ಶುಲ್ಕ ಏರಿಸಬಹುದು ಎಂಬುದನ್ನು ಈ ಶ್ರೇಣಿಗೆ ತಳುಕು ಹಾಕಲಾಯಿತು. ಪಾರದರ್ಶಕತೆಯ ದೃಷ್ಟಿಯಿಂದ ಅದರಲ್ಲಿ ಒಳಿತಿದೆ, ನಮ್ಮ ಊರಿನ ಎಷ್ಟೋ ಶಾಲೆಗಳಿಗೆ ಅಂಥ ಒಂದು ತಪಾಸಣೆ ಬರಬೇಕಿತ್ತು. ಆದರೆ ತಪಾಸಣೆಯ ಭಾರ ಕೊನೆಗೆ ಇಳಿಯುವುದು ಅಧ್ಯಾಪಕಿಯ ಹೆಗಲ ಮೇಲೆ. ಪಾಠದ ಯೋಜನೆ, ಅದರ ದಾಖಲೆ, ದಾಖಲೆಯ ಫೋಟೋ, ಪ್ರತಿ ಮಗುವಿನ ಪ್ರಗತಿಯ ನಕಾಶೆ, ಇವೆಲ್ಲವನ್ನೂ ಮುಗಿಸಿದ ಮೇಲೆ ಪಾಠ. ರಾತ್ರಿ ಹತ್ತರ ತನಕ ಹೆತ್ತವರ ವಾಟ್ಸಾಪ್ ಗುಂಪಿಗೆ ಉತ್ತರ. ಹೆತ್ತವರು ಅಲ್ಲಿ ಗ್ರಾಹಕರು. ಗ್ರಾಹಕನ ಮುಂದೆ ಮುಖ ಗಂಟಿಕ್ಕುವಂತಿಲ್ಲ.

ಹೀಗೆ ನಗುವನ್ನೂ ಸಹನೆಯನ್ನೂ ಸಂಬಳಕ್ಕಾಗಿ ಪ್ರದರ್ಶಿಸುವ ದುಡಿಮೆಗೆ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಭಾವನೆಗಳ ದುಡಿಮೆ ಎನ್ನಬಹುದು. ಅವರು ಅಧ್ಯಯನ ಮಾಡಿದ್ದು ವಿಮಾನದ ಪರಿಚಾರಿಕೆಯರನ್ನು. ನಮ್ಮ ಅಧ್ಯಾಪಕಿಯದು ಇಬ್ಬಗೆಯ ದುಡಿಮೆ. ಹಗಲು ಶಾಲೆಯಲ್ಲಿ ನಗಬೇಕು. ಸಂಜೆ ವೀಡಿಯೋ ಕರೆಯಲ್ಲಿ ಪಾಣೆಮಂಗಳೂರಿನಲ್ಲಿರುವ ಅತ್ತೆಯ ಮುಂದೆಯೂ, ಗುರುವಾಯನಕೆರೆಯಲ್ಲಿರುವ ತಾಯಿಯ ಮುಂದೆಯೂ ನಗಬೇಕು. ಅಲ್ಲಿಂದ ಯಾರೂ ಕಷ್ಟ ಹೇಳುವುದಿಲ್ಲ. ಹೇಳಿದರೆ, “ಎಷ್ಟು ಜನ ಆ ಕೆಲಸಕ್ಕೆ ಕಾಯುತ್ತಿದ್ದಾರೆ ಗೊತ್ತೇ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ದಣಿವು ಹಂತ ಹಂತವಾಗಿ ಮನುಷ್ಯನನ್ನು ಒಳಗಿನಿಂದ ಬರಿದುಗೊಳಿಸುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವೃತ್ತಿ ಸಂಬಂಧಿ ವಿದ್ಯಮಾನವೆಂದು ತನ್ನ ವರ್ಗೀಕರಣದಲ್ಲಿ ಸೇರಿಸಿತು. ಅದರ ಲಕ್ಷಣಗಳಲ್ಲೊಂದು ತಾನು ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು. ನಮ್ಮ ಮನೆಗಳಲ್ಲಿ ಅದನ್ನು ‘ಹಮ್ಮು ಬಂದಿದೆ, ಈಗ ಸರಿಯಾಗಿ ಮಾತನಾಡುವುದಿಲ್ಲ’ ಎಂದು ಅರ್ಥೈಸಲಾಗುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿಗೆ ಹೋದ ನಮ್ಮ ಅಧ್ಯಾಪಕಿಯರಲ್ಲಿ ಬಹಳ ಮಂದಿ ಪತಿಯ ಪ್ರಾಯೋಜಕತ್ವದ ವೀಸಾದಲ್ಲಿರುವವರು. ಯುಎಇಯಲ್ಲಿ ಕೆಲವು ವರ್ಷಗಳ ಹಿಂದಿನವರೆಗೆ ಪಾಸ್‌ಪೋರ್ಟಿನ ಪುಟಕ್ಕೆ ಅಂಟಿಸುತ್ತಿದ್ದ ವೀಸಾದಲ್ಲಿ ಇವರ ವೃತ್ತಿಯನ್ನು ‘ಗೃಹಿಣಿ’ ಎಂದೇ ನಮೂದಿಸುವುದಿತ್ತು. ಎಂ.ಎಸ್ಸಿ., ಬಿ.ಎಡ್. ಮಾಡಿ, ಆ ಪ್ರಮಾಣ ಪತ್ರಗಳಿಗೆ ರಾಜ್ಯದಿಂದ ಹಿಡಿದು ವಿದೇಶಾಂಗ ಸಚಿವಾಲಯದ ತನಕ, ಅಲ್ಲಿಂದ ರಾಯಭಾರ ಕಚೇರಿಯ ತನಕ ಮುದ್ರೆ ಒತ್ತಿಸಿಕೊಂಡು ಬಂದವಳು ಕಾಗದದ ಮೇಲೆ ಗೃಹಿಣಿ! ಗೃಹಿಣಿಯಾಗಿರುವುದು ಕೀಳಲ್ಲ. ಆದರೆ ಅವಳು ಏನಾಗಿದ್ದಾಳೋ ಅದನ್ನು ಅಳಿಸಿ ಬರೆಯುವುದು ಸರಿಯಲ್ಲ. ಕಾನೂನಿನ ಈ ಬರಹ ಶಾಲೆಯ ವೇತನದಲ್ಲೂ ಪ್ರತಿಫಲಿಸುತ್ತದೆ. ಪತಿಯ ವೀಸಾದಲ್ಲಿರುವವಳಿಗೆ ವಸತಿ ಬೇಡ, ಟಿಕೆಟ್ ಬೇಡ, ಆದ್ದರಿಂದ ವೇತನವೂ ಕಡಿಮೆ ಸಾಕು ಎಂಬ ಲೆಕ್ಕ ಅನೇಕ ಕಡೆ ನಡೆಯುತ್ತದೆ. ಪಕ್ಕದ ತರಗತಿಯಲ್ಲಿ ಅದೇ ಪಾಠ ಹೇಳುವವಳಿಗೆ ಹೆಚ್ಚು ಸಿಗುವಾಗ ತನ್ನ ಸಂಬಳ ಎಷ್ಟೇ ಇರಲಿ, ಅದು ಚುಚ್ಚುತ್ತದೆ. ಮನುಷ್ಯ ತನ್ನ ತಟ್ಟೆಯನ್ನು ಪಕ್ಕದವನ ತಟ್ಟೆಯ ಜೊತೆ ಹೋಲಿಸಿಯೇ ಅಳೆಯುತ್ತಾನೆ. ಇದನ್ನು ಅಸೂಯೆ ಎಂದು ತಳ್ಳಿಹಾಕುವಂತಿಲ್ಲ, ನ್ಯಾಯದ ಹಸಿವೂ ಅದರಲ್ಲಿದೆ.

ಊರಿನಲ್ಲೂ ಇದೇ ಗೃಹಿಣಿ ಪಟ್ಟ. ಪತಿಯ ದುಡಿಮೆ ‘ಮನೆಯ ಆದಾಯ’, ಇವಳದ್ದು ‘ಕೈಖರ್ಚು’. ಆದರೆ ಮಕ್ಕಳ ಶುಲ್ಕ, ನಾದಿನಿಯ ಮದುವೆಯ ಚಿನ್ನ, ಮಾವನ ಆಸ್ಪತ್ರೆ ಬಿಲ್ಲು ಈ ಕೈಖರ್ಚಿನಿಂದಲೇ ಹೋಗುತ್ತದೆ. ಪತ್ನಿಯ ಗಳಿಕೆ ಪತ್ನಿಯದ್ದೇ ಎಂದು ಜುಮುಅ ಭಾಷಣಗಳಲ್ಲಿ ಕೇಳಿ ತಲೆದೂಗುವ ನಾವು ಮನೆಗೆ ಬಂದ ಕೂಡಲೇ ಅದನ್ನು ಮರೆಯುತ್ತೇವೆ. ತನ್ನ ದುಡಿಮೆಯ ಮೇಲೆ ತನಗೇ ಮಾತಿಲ್ಲದವಳಿಗೆ ಆ ದುಡಿಮೆಯಲ್ಲಿ ತೃಪ್ತಿ ಎಲ್ಲಿಂದ ಬಂದೀತು?

ಭದ್ರತೆಯ ಪ್ರಶ್ನೆಯನ್ನು ಇಲ್ಲಿ ವಿವರವಾಗಿ ಚರ್ಚಿಸುವ ಅಗತ್ಯವಿಲ್ಲ. ಕೋವಿಡ್ ಎಲ್ಲರಿಗೂ ಅದನ್ನು ತೋರಿಸಿಕೊಟ್ಟಿದೆ. 2020ರ ಮಾರ್ಚ್‌ನಲ್ಲಿ ಗಲ್ಫಿನ ತರಗತಿಗಳು ಪರದೆಗೆ ಸ್ಥಳಾಂತರಗೊಂಡವು. ಖಾಸಗಿ ಶಾಲೆಗಳಲ್ಲಿ ವೇತನ ಕಡಿತ, ವೇತನರಹಿತ ರಜೆಗಳ ಸರದಿ ಬಂತು. ಆ ವರ್ಷದ ಮೇ 12ರಂದು ದುಬೈಯಿಂದ ಮಂಗಳೂರಿಗೆ ಬಂದಿಳಿದ ಮೊದಲ ವಂದೇ ಭಾರತ್ ವಿಮಾನದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುವಾಗ, ಕೆಲಸ ಹೋದರೆ ದೇಶವೇ ಹೋಗುತ್ತದೆ. ಈ ಭಯವನ್ನು ಬೆನ್ನಿಗೆ ಕಟ್ಟಿಕೊಂಡವಳು ಪ್ರಾಂಶುಪಾಲರ ಮುಂದೆ ‘ಇದು ಸರಿಯಲ್ಲ’ ಎಂದು ಹೇಳುವುದಾದರೂ ಹೇಗೆ? ಹೇಳಬೇಕಾದುದನ್ನು ನುಂಗುವುದು ಅಭ್ಯಾಸವಾಗುತ್ತದೆ, ಮತ್ತು ನುಂಗಿದ ಮಾತು ಮಕ್ಕಳ ಮೇಲೆ ಸಿಡುಕಾಗಿ ಹೊರಬರುತ್ತದೆ.

ಮಾಲ್ದೀವ್ಸ್‌ಗೆ ಹೋದ ಅಧ್ಯಾಪಕರದ್ದು ಒಂಟಿತನದ ಕಥೆ. ಸುಮಾರು 1,200 ದ್ವೀಪಗಳ ಆ ದೇಶದಲ್ಲಿ ಜನವಸತಿಯಿರುವವು 200ಕ್ಕಿಂತಲೂ ಕಡಿಮೆ. ರಾಜಧಾನಿ ಮಾಲೆಯಲ್ಲಿ ಕೆಲಸ ಸಿಕ್ಕರೆ ಬೇರೆ. ದೂರದ ಹವಳದ್ವೀಪವೊಂದಕ್ಕೆ ನೇಮಕವಾದರೆ ಶಾಲೆ, ಮಸೀದಿ, ಕೆಲವೇ ಅಂಗಡಿಗಳು ಮತ್ತು ಸುತ್ತ ಕಡಲು. ಅರ್ಧ ಗಂಟೆಯಲ್ಲಿ ನಡೆದು ಮುಗಿಸಬಹುದಾದ ನೆಲದ ಮೇಲೆ ವರ್ಷ ಕಳೆಯಬೇಕು. ಅಲ್ಲಿನ ಜನ ಮುಸ್ಲಿಮರು, ಬಾಂಗ್ ಕೇಳುತ್ತದೆ, ಉಪವಾಸದ ತಿಂಗಳಲ್ಲಿ ಇಫ್ತಾರಿಗೆ ಕರೆಯುತ್ತಾರೆ. ನಮ್ಮವರಿಗೆ ಅದೊಂದು ಆಸರೆ. ಆದರೆ ಭಾಷೆ ಧಿವೇಹಿ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಮೂರು ನಾಲಗೆಗಳಲ್ಲಿ ಬೆಳೆದವನಿಗೆ ಒಂದರಲ್ಲೂ ಮಾತನಾಡಲು ಜನವಿಲ್ಲದ ಸಂಜೆಗಳು ಎಷ್ಟು ಉದ್ದವಿರಬಹುದೆಂದು ಯೋಚಿಸಿ.

ಈ ಸಂದರ್ಭದಲ್ಲಿ ಬಂಟ್ವಾಳದವರೇ ಆದ ಒಬ್ಬ ಮೇಷ್ಟರನ್ನು ನೆನೆಯಬೇಕೆನಿಸುತ್ತದೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಪಾಠ ಹೇಳಿ, ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ಸುತ್ತಿ, ಮಡಿಕೇರಿಗೆ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಹೋದರು. ಆಗ ಕೊಡಗು ಬ್ರಿಟಿಷರ ಅಧೀನದ ಬೇರೆಯೇ ಪ್ರಾಂತ. ಬೇರೆ ಭಾಷೆ, ಬೇರೆ ಉಡುಪು, ಬೇರೆ ಆಚಾರ. ಆದರೆ ಕೊಡಗಿನವರು ಇಂದಿಗೂ ತಮ್ಮದೆಂದು ಹಾಡುವ ಹುತ್ತರಿ ಹಾಡನ್ನು ಬರೆದವರು ಈ ಬಂಟ್ವಾಳದ ಮೇಷ್ಟರು. ಪರಸ್ಥಳದಲ್ಲಿ ಅವರು ಬರಿಯ ಸಂಬಳದಾರರಾಗಿ ಉಳಿಯಲಿಲ್ಲ, ಅಲ್ಲಿನವರೂ ಅವರನ್ನು ಹಾಗೆ ಉಳಿಸಲಿಲ್ಲ. ಹೋದ ನೆಲ ನಮ್ಮನ್ನು ಸೇರಿಸಿಕೊಳ್ಳುತ್ತದೆಯೇ ಎಂಬುದು ಶಿಕ್ಷಕನ ಸಂತೃಪ್ತಿಯಲ್ಲಿ ನಿರ್ಣಾಯಕ. ಗಲ್ಫಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವರೂ ಅತಿಥಿಗಳಾಗಿಯೇ ನಿವೃತ್ತರಾಗುತ್ತಾರೆ. ಅದು ಆ ದೇಶಗಳ ಕಾನೂನು, ಹೋಗುವಾಗ ಗೊತ್ತಿದ್ದೇ ಹೋಗುವುದು. ಆದರೂ ಮನಸ್ಸು ಕಾನೂನನ್ನು ಓದಿ ಬೇರು ಬಿಡುವುದಿಲ್ಲ.

ಹಾಗೆಂದು ವಿದೇಶವೆಲ್ಲ ಬರಿಯ ಬಳಲಿಕೆ ಎಂದು ಚಿತ್ರಿಸಿದರೆ ಅದು ಅನ್ಯಾಯ. ಅಲ್ಲಿ ಸಿಗುವ, ರೂಪಾಯಿಯಲ್ಲಿ ಲೆಕ್ಕ ಹಾಕಲಾಗದ ಕೆಲವು ಸಂಗತಿಗಳೂ ಇವೆ. ತಲೆಯ ಮೇಲಿನ ವಸ್ತ್ರದ ಬಗ್ಗೆ ಯಾರೂ ಪ್ರಶ್ನಿಸದ ಸ್ಟಾಫ್ ರೂಮ್ ಅವುಗಳಲ್ಲೊಂದು. ನಮ್ಮ ರಾಜ್ಯದಲ್ಲಿ ಏನಾಯಿತು? 2022ರ ಫೆಬ್ರವರಿಯ ಸರಕಾರಿ ಆದೇಶವನ್ನು ಮಾರ್ಚ್ 15ರಂದು ಹೈಕೋರ್ಟ್ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಎರಡು ದಿಕ್ಕಿನ ತೀರ್ಪು ನೀಡಿದರು. ಪ್ರಕರಣ ವಿದ್ಯಾರ್ಥಿನಿಯರದ್ದು. ಆದರೆ ಕರಾವಳಿಯ ಬಿ.ಎಡ್. ಕಾಲೇಜಿನಲ್ಲಿ ಕುಳಿತಿದ್ದ ಹುಡುಗಿ ಅದನ್ನು ತನ್ನ ಭವಿಷ್ಯದ ಕುರಿತ ತೀರ್ಪಾಗಿಯೇ ಓದಿದಳು. ತನ್ನ ಊರಿನಲ್ಲಿ ತಾನು ಅಧ್ಯಾಪಕಿಯಾಗುವುದಕ್ಕಿಂತ ಮೊದಲು ಒಂದು ವಿವಾದವಾಗಿಬಿಡುತ್ತೇನೆ ಎಂಬ ಭಾವನೆ ಬಂದ ಮೇಲೆ ಶಾರ್ಜಾದ ತರಗತಿ ಹತ್ತಿರವೆನಿಸುವುದು ಸಹಜ. ಪ್ರತಿಭೆ ವಲಸೆ ಹೋಗುತ್ತಿದೆ ಎಂದು ಮರುಗುವ ರಾಜಕಾರಣಿಗಳು ಅದನ್ನು ಅಟ್ಟಿದವರು ಯಾರು ಎಂದೂ ಕೇಳಿಕೊಳ್ಳಲಿ. ಗೌರವ ಎಂಬುದು ಉದ್ಯೋಗ ಸಂತೃಪ್ತಿಯ ಮೊದಲ ಮೆಟ್ಟಿಲು, ಅದು ಹುಟ್ಟಿದ ಊರಿನಲ್ಲಿ ಸಿಗದಿದ್ದರೆ ಬೇರೆಡೆಗೆ ಹುಡುಕಿಕೊಂಡು ಹೋಗುವುದು ಅಪರಾಧವಲ್ಲ.

ಬರೆಯದ ಸಂಬಳಕ್ಕೆ ದುಬೈಯಲ್ಲೇ ಒಂದು ನಿದರ್ಶನವಿದೆ. ‘ಕನ್ನಡ ಮಿತ್ರರು ಯುಎಇ’ ಸಂಘಟನೆಯು 2014ರಿಂದ ಅಲ್ಲಿ ಉಚಿತ ಕನ್ನಡ ಪಾಠಶಾಲೆಯನ್ನು ನಡೆಸುತ್ತಾ ಬಂದಿದೆ. ವಾರದ ರಜೆಯಲ್ಲಿ ಸ್ವಯಂಸೇವಕರು ಬಂದು ಅನಿವಾಸಿ ಮಕ್ಕಳಿಗೆ ಅಕ್ಷರಮಾಲೆ ಕಲಿಸುತ್ತಾರೆ. ಸಂಬಳವಿಲ್ಲ, ತಪಾಸಣೆಯಿಲ್ಲ. ವಾರವಿಡೀ ದುಡಿದು ದಣಿದವರು ಇರುವ ಒಂದು ರಜೆಯನ್ನೂ ಮಕ್ಕಳಿಗೆ ಕೊಡುವುದೇಕೆ? ಅಲ್ಲಿ ಅವರು ತಮ್ಮದೇ ಭಾಷೆಯನ್ನು, ತಮಗೆ ತೋಚಿದ ರೀತಿಯಲ್ಲಿ, ತಮ್ಮವರ ಮಕ್ಕಳಿಗೆ ಕಲಿಸುತ್ತಾರೆ. ಸಾಧನೆ, ಸ್ವಾತಂತ್ರ್ಯ, ಸಂಬಂಧ ಮೂರೂ ಒಟ್ಟಿಗೆ ಸಿಗುವ ತಾಣ ಅದು. ಗಲ್ಫಿನ ನಮ್ಮ ಸಂಘಟನೆಗಳ ಸಂಜೆ ಮದ್ರಸಗಳಲ್ಲಿ ಪಾಠ ಹೇಳುವವರಲ್ಲೂ ಇದೇ ಹುರುಪನ್ನು ಕಾಣಬಹುದು. ಹಗಲಿನ ಉದ್ಯೋಗ ಕೊಡದ್ದನ್ನು ಈ ಒಂದೆರಡು ತಾಸುಗಳು ಕೊಡುತ್ತಿವೆ.

ಕಾನೂನಿನ ಮಟ್ಟದಲ್ಲಿ ಆಗಬೇಕಾದುದು ಬಹಳಷ್ಟಿದೆ. ಕಾಮನ್‌ವೆಲ್ತ್ ದೇಶಗಳು 2004ರಲ್ಲಿ ಶಿಕ್ಷಕರ ನೇಮಕಾತಿಯ ಕುರಿತು ಒಂದು ಒಡಂಬಡಿಕೆಯನ್ನು ಅಂಗೀಕರಿಸಿವೆ. ವಲಸೆ ಬಂದ ಶಿಕ್ಷಕನಿಗೆ ಅದೇ ಅರ್ಹತೆಯ ಸ್ಥಳೀಯ ಶಿಕ್ಷಕನಿಗಿಂತ ಕಡಿಮೆಯಾದ ಸೇವಾ ಷರತ್ತುಗಳಿರಬಾರದು ಎಂಬುದು ಅದರ ಆಶಯ. ಅದು ಕಾನೂನಿನಷ್ಟು ಬಿಗಿಯಲ್ಲ. ಗಲ್ಫ್ ರಾಷ್ಟ್ರಗಳಂತೂ ಕಾಮನ್‌ವೆಲ್ತಿನಲ್ಲಿಲ್ಲ. ಯುಎಇ 2009ರಲ್ಲಿ ವೇತನವನ್ನು ಬ್ಯಾಂಕಿನ ಮೂಲಕವೇ ಪಾವತಿಸುವ ವ್ಯವಸ್ಥೆಯನ್ನು ತಂದದ್ದು ಒಳ್ಳೆಯ ಹೆಜ್ಜೆ. ಸರಕಾರಗಳ ನಡುವಿನ ಈ ವ್ಯವಹಾರ ಬಂಟ್ವಾಳದ ಮನೆಯ ಜಗಲಿಯಲ್ಲಿ ಕುಳಿತು ತೀರ್ಮಾನವಾಗುವಂಥದ್ದಲ್ಲ. ಜಗಲಿಯಲ್ಲಿ ಆಗಬೇಕಾದ ತೀರ್ಮಾನಗಳು ಬೇರೆ ಇವೆ.

ಹಿಂದಿರುಗುವವಳ ವಿಷಯ ಅವುಗಳಲ್ಲಿ ಮೊದಲನೆಯದು. ಎಂಟು ವರ್ಷ ಅಲ್ಲಿ ಪಾಠ ಹೇಳಿದವಳು ‘ಸಾಕು, ಊರಿಗೆ ಬರುತ್ತೇನೆ’ ಎಂದರೆ ಮನೆಯಲ್ಲಿ ಮೌನ ಆವರಿಸುತ್ತದೆ. ನೆರೆಯವರು ಏನೋ ಆಗಿರಬೇಕೆಂದು ಊಹಿಸುತ್ತಾರೆ. ಮರಳುವುದನ್ನು ಸೋಲೆಂದು ಪರಿಗಣಿಸುವ ನಮ್ಮ ಈ ಮನೋಭಾವವೇ ಎಷ್ಟೋ ಜನರನ್ನು ಒಲ್ಲದ ಕೆಲಸದಲ್ಲಿ ಕಟ್ಟಿಹಾಕಿದೆ. ಬೇಕಾದಾಗ ಬಿಡಬಹುದು ಎಂಬ ಧೈರ್ಯವಿರುವವಳು ಕೆಲಸವನ್ನು ಹೆಚ್ಚು ಪ್ರೀತಿಯಿಂದ ಮಾಡುತ್ತಾಳೆ. ಮನೆಯ ಬಾಗಿಲು ತೆರೆದಿದೆ ಎಂದು ಆಕೆಗೆ ಹೇಳಲು ನಮಗೆ ಖರ್ಚೇನೂ ಇಲ್ಲ.

ಎರಡನೆಯದು ಹೆಚ್ಚು ಕಹಿಯಾದುದು. ಹಿಂದಿರುಗಿದವಳಿಗೆ ನಮ್ಮ ಶಾಲೆಗಳಲ್ಲಿ ಏನು ಕಾದಿದೆ? ಕಳೆದ ಎರಡು-ಮೂರು ದಶಕಗಳಲ್ಲಿ ಈ ಮೂರು ತಾಲೂಕುಗಳಲ್ಲಿ ಸಮುದಾಯದ ಟ್ರಸ್ಟುಗಳು ಕಟ್ಟಿದ ಆಂಗ್ಲ ಮಾಧ್ಯಮ ಶಾಲೆಗಳು ಒಂದು ಅಭಿಮಾನಪಡಬೇಕಾದ ಸಾಧನೆ. ಅವುಗಳ ಗೋಡೆಯ ಅಮೃತಶಿಲೆಯಲ್ಲಿ ದಾನಿಗಳ ಹೆಸರುಗಳಿವೆ. ಅಂಗಳಕ್ಕೆ ಇಂಟರ್‌ಲಾಕ್, ಗೇಟಿಗೆ ಕಮಾನು, ಪ್ರತಿ ವರ್ಷ ಹೊಸ ಬಣ್ಣ. ಶಿಕ್ಷಕಿಯರ ವೇತನದ ವಿಷಯ ಬಂದಾಗ ಮಾತ್ರ ಟ್ರಸ್ಟಿಗಳ ಧ್ವನಿ ತಗ್ಗುತ್ತದೆ. ಸರಕಾರಿ ಶಾಲೆಯ ಅತಿಥಿ ಶಿಕ್ಷಕರ ಗೌರವಧನವೇ 2025ರ ಬಜೆಟ್ಟಿನಲ್ಲಿ 2,000 ರೂ. ಏರಿಸಿದ ಬಳಿಕವೂ ಹನ್ನೆರಡು ಸಾವಿರದ ಆಸುಪಾಸಿನಲ್ಲಿದೆ. ಅದಕ್ಕಿಂತಲೂ ಕಡಿಮೆಗೆ ದುಡಿಸುವ ಶಾಲೆಗಳು ನಮ್ಮಲ್ಲಿಲ್ಲವೆಂದು ಎದೆ ತಟ್ಟಿ ಹೇಳುವವರಿದ್ದಾರೆಯೇ? ನೇಮಕಾತಿ ಪತ್ರವಿಲ್ಲ, ವೇತನ ಶ್ರೇಣಿಯಿಲ್ಲ, ಬೇಸಗೆ ರಜೆಗೆ ಸಂಬಳವಿಲ್ಲ. ‘ಸಮುದಾಯದ ಸೇವೆ ಎಂದು ತಿಳಿದುಕೊಳ್ಳಿ’ ಎಂಬ ಮಾತು ಮಾತ್ರ ಧಾರಾಳವಾಗಿದೆ. ಹೀಗೆ ಹೇಳುವ ಟ್ರಸ್ಟಿಯ ಮಗಳು ಎಲ್ಲಿ ಪಾಠ ಹೇಳುತ್ತಾಳೆ? ಅಬೂಧಾಬಿಯಲ್ಲಿ!

ಹರ್ಜ್‌ಬರ್ಗ್ ಹೇಳಿದ ಎರಡು ಬೇರುಗಳನ್ನು ಇಲ್ಲಿ ಮತ್ತೆ ನೆನಪಿಸಿಕೊಳ್ಳಬಹುದು. ಗಲ್ಫಿನ ಶಾಲೆ ಅತೃಪ್ತಿಯ ಬೇರನ್ನು ಹಣದಿಂದ ಕತ್ತರಿಸುತ್ತದೆ, ಸಂತೃಪ್ತಿಯ ಬೇರಿಗೆ ನೀರು ಹಾಕಲು ಅದಕ್ಕೆ ಆಗುವುದಿಲ್ಲ. ನಮ್ಮ ಊರಿನ ಶಾಲೆಗೆ ಸಂತೃಪ್ತಿಯ ಬೇರು ಪುಕ್ಕಟೆಯಾಗಿ ಸಿಕ್ಕಿದೆ. ಮಕ್ಕಳು ವರ್ಷಗಟ್ಟಲೆ ಇರುತ್ತಾರೆ, ಭಾಷೆ ತನ್ನದು, ಹೆತ್ತವರು ಗೊತ್ತಿರುವವರು, ಹಳೆಯ ವಿದ್ಯಾರ್ಥಿನಿಯ ಮದುವೆಗೆ ಆಮಂತ್ರಣ ಬರುತ್ತದೆ. ಆದರೆ ಹೊಟ್ಟೆಗೆ ಹಾಕದೆ ಆ ಬೇರನ್ನು ನಾವೇ ಒಣಗಿಸುತ್ತಿದ್ದೇವೆ. ಗಲ್ಫಿನ ವೇತನವನ್ನು ಇಲ್ಲಿ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ತಿಂಗಳ ಮೊದಲ ವಾರದಲ್ಲಿ ತಪ್ಪದೆ ಬರುವ, ವರ್ಷಕ್ಕೊಮ್ಮೆ ಏರುವ, ಬಸ್ಸಿನ ಖರ್ಚು ಕಳೆದು ಏನಾದರೂ ಉಳಿಯುವ ವೇತನ ಸಾಕು ಎನ್ನುವ ಅಧ್ಯಾಪಕಿಯರು ನಮ್ಮ ಮನೆಗಳಲ್ಲಿ ಇದ್ದಾರೆ. ಕಮಾನಿಗೆ ದಾನ ಕೊಡುವ ಅನಿವಾಸಿ ಸಹೋದರರು ಒಂದು ವರ್ಷ ಅದನ್ನು ವೇತನ ನಿಧಿಗೆ ಕೊಟ್ಟು ನೋಡಲಿ. ಅಮೃತಶಿಲೆಯ ಮೇಲೆ ಹೆಸರು ಬೇಕೇ ಬೇಕೆಂದಿದ್ದರೆ ಅದನ್ನೂ ಕೆತ್ತಿಸೋಣ.

ಏಪ್ರಿಲ್-ಮೇ ತಿಂಗಳಲ್ಲಿ ಈ ಶಾಲೆಗಳಲ್ಲಿ ಸಂದರ್ಶನಗಳು ನಡೆಯುತ್ತವೆ. ಗಲ್ಫಿನಿಂದ ಮರಳಿದ ಅಧ್ಯಾಪಕಿ ತನ್ನ ಅನುಭವದ ಪ್ರಮಾಣ ಪತ್ರಗಳನ್ನು ಮುಂದಿಟ್ಟಾಗ, ‘ಹೊರಗಿನ ಅನುಭವವನ್ನು ನಾವು ಪರಿಗಣಿಸುವುದಿಲ್ಲ’ ಎಂದು ಹೊಸಬಳ ವೇತನವನ್ನೇ ಬರೆದುಕೊಡುವ ರೂಢಿ ಕೆಲವೆಡೆ ಇದೆ. ಎಂಟು ವರ್ಷ ಮಕ್ಕಳ ನಡುವೆ ಕಳೆದ ಅನುಭವ ಕಡಲು ದಾಟುವಾಗ ಆವಿಯಾಗುತ್ತದೆಯೇ? ಈ ವರ್ಷ ಸಂದರ್ಶನದ ಮೇಜಿನ ಹಿಂದೆ ಕುಳಿತುಕೊಳ್ಳುವ ಆಡಳಿತ ಮಂಡಳಿಯ ಹಿರಿಯರು ಆ ಕಾಗದಗಳನ್ನು ಓದಲಿ, ವೇತನವನ್ನು ಬರಹದಲ್ಲಿ ಕೊಡಲಿ, ಮತ್ತು ಸಂಬಳದ ಮಾತು ಮುಗಿದ ಮೇಲೆ ನೀವು ಯಾವ ತರಗತಿಗೆ ಪಾಠ ಹೇಳಲು ಇಷ್ಟಪಡುತ್ತೀರಿ ಎಂದೂ ಕೇಳಲಿ.